ಗುಡ್ಡದ ಏರಿನಲ್ಲಿ ನಡುವಿಗೆ ಹತ್ತಿದ ಕೈ

ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಬಿಟ್ಟರೆ ಬೇರೆ ಯಾವುದನ್ನೂ ನಂಬಿದವನಲ್ಲ ನಾನು. ಐದನೇ ಇಯತ್ತೆಗೆ ಸಾಲಿ ಬಿಟ್ಟು, ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು, ಯಾರ ಮುಂದೂ ಕೈ ಚಾಚದೆ ಬದುಕಿದವನು. ಕನಸಿನಲ್ಲಿ ಹಿರಿಯರು ಬಂದಿದ್ದರು ಎನ್ನುವವರನ್ನು ಕಂಡರೆ ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೆ ಸಿಟ್ಟಿಲ್ಲ.

ಫಕೀರಪ್ಪ ನನ್ನ ಜೋಡಿ ಹಮಾಲ. ಚೀಲ ಹೊತ್ತು ಲಾರಿಯ ಹಲಗೆ ಏರುವಾಗ ನಮ್ಮಲ್ಲೊಂದು ರೂಢಿ ಇದೆ. ಮುಂದಿನವನ ಕಾಲು ಸೋತಂತೆ ಕಂಡರೆ ಹಿಂದಿನವನು ಖಾಲಿ ಇರುವ ಕೈಯನ್ನು ಅವನ ನಡುವಿಗೆ ಹಚ್ಚುತ್ತಾನೆ. ನೂಕುವುದಿಲ್ಲ, ಬರೇ ಹಚ್ಚುತ್ತಾನೆ. ಮುಂದಿನವನು ಹೊರಳಿ ನೋಡಬಾರದು, ನೋಡಿದರೆ ಚೀಲ ವಾಲುತ್ತದೆ.

ಆ ಫಕೀರಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ದಿನಾ ಎದ್ದು ನಿಲ್ಲಬೇಕೆಂದು ಡಾಕ್ಟರು ಹೇಳಿದರೂ ಗ್ವಾಡಿ ಕಡೆ ಮುಖ ಮಾಡಿ ಮಲಗಿಬಿಟ್ಟ. ಅದೇ ಹೊತ್ತಿಗೆ ಸವದತ್ತಿಯಲ್ಲಿ ಗುಡ್ಡ ಹತ್ತಿ ಇಳಿಯುವ ಹಾಫ್ ಮ್ಯಾರಥಾನ್ ಇದೆಯೆಂದು ಸುದ್ದಿ ಬಂತು. ಅವನ ಮಂಚದ ಬಳಿ ಕುಂತು ಪಂಥ ಕಟ್ಟಿದೆ.

"ಇಪ್ಪತ್ತೊಂದು ಕಿಲೋಮೀಟರ್ ಓಡಿ ಮುಗಸ್ತೇನಿ. ಮುಗಿಸಿದ್ರ ನೀ ಎದ್ದು ನಿಲ್ಲಬೇಕು."

"ಬಸ್ಸಿನ ಹಿಂದ ಓಡಿದ್ರ ತೇಕಾಂವ ನೀ," ಅಂದ. "ಆತು, ಓಡು. ನಡುವ ಬಿಟ್ಟಿ ಅಂದ್ರ ಮತ್ತ ನನ್ನ ಎಬ್ಬಸಾಕ ಬರಬ್ಯಾಡ."

ಕೆಲವು ತಿಂಗಳು ನಸುಕಿನಲ್ಲಿ ಓಡಿ ತಯಾರಾದೆ. ಆದರೆ ಎಲ್ಲಮ್ಮನ ಗುಡ್ಡದ ಏರಿನಲ್ಲಿ ಹಮಾಲನ ಚಾಳಿ ಕೈಕೊಟ್ಟಿತು. ಹಲಗೆಯನ್ನು ನಾವು ಒಂದೇ ಉಸಿರಿಗೆ ಏರುತ್ತೇವೆ. ಗುಡ್ಡವನ್ನೂ ಹಾಗೇ ಏರಹೋದೆ. ಬಿಸಿಲು ಏರುವ ಹೊತ್ತಿಗೆ, ಅರ್ಧಕ್ಕೇ ಮೀನಖಂಡ ಕಲ್ಲಾದವು, ಕಣ್ಣು ಕತ್ತಲೆ ಬಂತು. ಫಕೀರಪ್ಪ ಇನ್ನು ಏಳುವುದಿಲ್ಲ ಎಂದುಕೊಂಡು, ಕೂರಲು ರಸ್ತೆ ಅಂಚಿಗೆ ಸರಿದೆ.

ಆಗ ನಡುವಿಗೊಂದು ಅಂಗೈ ಹತ್ತಿತು. ಅಗಲವಾದ, ಬಿಸಿ ಅಂಗೈ. ನೂಕಲಿಲ್ಲ. ಹೊರಳಿ ನೋಡಬಾರದೆಂಬ ರೂಢಿ ನನ್ನ ಮೈಯಲ್ಲೇ ಇತ್ತು, ನೋಡಲಿಲ್ಲ. ಕಾಲು ತಾವೇ ಎದ್ದವು. ಗುಡ್ಡದ ನೆತ್ತಿ ಮುಟ್ಟಿದಾಗ ಕೈ ಸರಿಯಿತು. ಪುಣ್ಯಾತ್ಮನಿಗೆ ಶರಣು ಹೇಳೋಣವೆಂದು ಹೊರಳಿದೆ. ತಿರುವಿನ ತನಕ ರಸ್ತೆ ಖಾಲಿ ಇತ್ತು.

ಪೆಂಡಾಲ್ ಬಿಚ್ಚುವ ಹೊತ್ತಿಗೆ ಓಟ ಮುಗಿಸಿದೆ. ಸಂಜೆ ಪದಕ ಹಾಕಿಕೊಂಡೇ ಫಕೀರಪ್ಪನ ಮನೆಗೆ ಹೋದರೆ ಅವನು ಗ್ವಾಡಿಗೆ ಬಲಗೈ ಊರಿ ನಿಂತಿದ್ದ, ಕಾಲು ನಡುಗುತ್ತಿದ್ದವು.

"ಬಿಸಿಲ ಏರೂ ಹೊತ್ತಿಗೆ ಒಮ್ಮಿಂದೊಮ್ಮೆ ಎದ್ರು ನೋಡ್ರಿ ಅಣ್ಣಾರ," ಅಂದಳು ಅವನ ಹೆಂಡತಿ ನೀಲವ್ವ. "ಆವಾಗಿಂದ ಕುಂದ್ರತಾರ, ಏಳತಾರ. ನನ್ನ ಮಾತು ಎಲ್ಲಿ ಕೇಳತಾರ್ರಿ."

"ನಾ ಮುಗಿಸಿದ್ದು ನಿನಗ ಗೊತ್ತಿರಲಿಲ್ಲಲ್ಲೋ, ಮೊದಲ ಯಾಕ ಎದ್ದಿ?" ಅಂತ ಕೇಳಿದೆ.

"ಯಾಕೋ ನೀ ಕುಂದ್ರತಿ ಅನಿಸ್ತು," ಅಂದ. "ಮಲಗಾಕ ಮನಸ್ಸಾಗಲಿಲ್ಲ."

ಗುಡ್ಡದ ಮಾತನ್ನು ನಾನು ಆಗಿನ್ನೂ ಯಾರಿಗೂ ಹೇಳಿರಲಿಲ್ಲ.

ಲಕ್ವಾ ಹೀಗೆ ಒಮ್ಮೆಲೇ ಸಡಿಲುವುದುಂಟು ಎಂದರು ಡಾಕ್ಟರು. ದಣಿದ ಮೈ ಏನೇನೋ ಅನಿಸುವಂತೆ ಮಾಡುತ್ತದೆ ಎಂದಳು ನನ್ನ ಮಗಳು. ಇಬ್ಬರೂ ಓದಿದವರು, ಇಲ್ಲ ಅನ್ನಲಾರೆ. ಆದರೆ ಇಷ್ಟು ವರ್ಷ ನನ್ನ ನಡುವಿಗೆ ಹತ್ತಿದ ಕೈಯ ಗುರುತು ನನಗೆ ಸಿಗದೆ ಇರುತ್ತದೆಯೆ? ಹಾಗೆಂದು ಅದು ಅವನದೇ ಅಂತ ಆಣೆ ಮಾಡಲೂ ಧೈರ್ಯವಿಲ್ಲ. ಫಕೀರಪ್ಪ ಈಗ ಕೋಲು ಹಿಡಿದು ಮಾರ್ಕೆಟ್ಟಿನ ತನಕ ಬರುತ್ತಾನೆ. ಮುಂದಿನ ಸಲ ತಾನೂ ಸವದತ್ತಿಗೆ ಬಂದು, ಗುಡ್ಡದ ಬುಡದಲ್ಲಿ ಕುಂತು ನನ್ನನ್ನು ಬೈಯುತ್ತಾನಂತೆ.