ನದಿ ದಾಟುವಾಗ ಬಿದ್ದುಹೋದ ‘ಗೆ’

1938ರ ಜನವರಿಯ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಗಡಿಯಾರ ನನ್ನ ಎದುರಿಗೇ ಇತ್ತು, ಆದ್ದರಿಂದ ಹೊತ್ತಿನ ವಿಷಯದಲ್ಲಾದರೂ ನನಗೆ ಸಂಶಯವಿಲ್ಲ. ನಮ್ಮ ಹೊಸ ಸೂಪರಿಂಟೆಂಡೆಂಟರು ವರಾಂಡದ ಕರಿಹಲಗೆಯ ಮೇಲೆ ಎರಡು ಸಾಲು ಬರೆದು, ಕೈಯ ಸೀಮೆಸುಣ್ಣ ಕೊಡವಿಕೊಂಡು ಒಳಗೆ ಹೋದರು.

‘ಸೋಮವಾರ ಬೆಳಿಗ್ಗೆ 8 ಗಂಟೆ. ಕಾಲು ತೆಗೆಯುವುದು.
ಗಿರಿಜಾ: ಎಡ. ಮೊಯ್ದೀನ್: ಎರಡೂ.’

ನಾನಾಗ ಮಂಗಳೂರಿನ ಮಣ್ಣಗುಡ್ಡದಲ್ಲಿದ್ದ ಒಂದು ಧರ್ಮಾರ್ಥ ಮಕ್ಕಳ ಮನೆಯಲ್ಲಿ ಟೀಚರ್ ಆಗಿದ್ದೆ. ಬಿ.ಎ. ಮುಗಿಸಿ ಎರಡನೆಯ ವರ್ಷ. ಕೈಕಾಲು ಸ್ವಾಧೀನವಿಲ್ಲದ ಹದಿನಾರು ಮಕ್ಕಳು ಅಲ್ಲೇ ಉಳಿದು ಅಕ್ಷರ ಕಲಿಯುತ್ತಿದ್ದರು. ಹೆಚ್ಚಿನವರದು ಈಗ ಪೋಲಿಯೋ ಎನ್ನುವ, ಆಗ ಡಾಕ್ಟರುಗಳು ‘ಇನ್‌ಫೆಂಟೈಲ್ ಪೆರಾಲಿಸಿಸ್’ ಎನ್ನುತ್ತಿದ್ದ ಕಾಯಿಲೆ. ಎರಡು ದಿನ ಜ್ವರ, ಮೂರನೆಯ ದಿನ ಕಾಲು ಏಳುವುದಿಲ್ಲ. ಹುಡುಗಿ ಗಿರಿಜಾಗೆ ಒಂಬತ್ತು ವರ್ಷ, ನದಿಯಾಚೆ ಬೆಂಗ್ರೆಯ ಮೀನುಗಾರರ ಮನೆಯವಳು. ಮೊಯ್ದೀನ್ ಬಂದರಿನ ವ್ಯಾಪಾರಿ ಹಸನಬ್ಬನವರ ಮಗ.

ಮನೆಯನ್ನು ಕಟ್ಟಿ ನಡೆಸಿದವರು ರುಕ್ಮಿಣಿಯಮ್ಮ. ದೃಷ್ಟಿ ಮಂದವಾಯಿತೆಂದು ಅವರು ಹೊಸ ವರ್ಷಕ್ಕೆ ಬಿಟ್ಟುಕೊಟ್ಟರು. ಆ ಜಾಗಕ್ಕೆ ಕಮಿಟಿಯವರು ಮದ್ರಾಸಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದ, ಮೈಸೂರು ಕಡೆಯ ವೆಂಕಟರಾಮಯ್ಯ ಎಂಬವರನ್ನು ಕರೆಸಿದರು. ಹೊರಡುವ ದಿನ ರುಕ್ಮಿಣಿಯಮ್ಮ ಜಟಕಾದಲ್ಲಿ ಕುಳಿತ ಮೇಲೆ ನನ್ನ ಕೈ ಹಿಡಿದು, “ಒಂದು ಕಣ್ಣಿಟ್ಟಿರು ಮಗಾ” ಎಂದರು. ಯಾರ ಮೇಲೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೊಸಬರ ಮೇಲೆ ಎಂದೇ ತಿಳಿದುಕೊಂಡೆ.

ಕಣ್ಣಿಟ್ಟವರಿಗೆ ಕಾಣಿಸುವುದಕ್ಕೇನು ಕೊರತೆ? ಬಂದ ಮೂರನೆಯ ದಿನ ಅವರು ಮಕ್ಕಳಿಗೆ ಎಣ್ಣೆ ತಿಕ್ಕುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕಿಟಕಿಗೆ ಪರದೆ ಹಾಕಿಸಿದರು. ರೈಲಿನಲ್ಲಿ ಬಿಳಿ ಪುಡಿಯ ಎರಡು ಪೀಪಾಯಿ ಬಂತು. ಒಂದು ಮರದ ಪೆಟ್ಟಿಗೆಯೂ ಬಂತು. ಅದನ್ನು ಬಿಚ್ಚುವಾಗ ನಾನು ಬಾಗಿಲಲ್ಲಿದ್ದೆ. ಒಳಗಿದ್ದದ್ದು ಸಣ್ಣ ಗರಗಸ, ನಾಲ್ಕು ಚೂರಿ, ದಪ್ಪ ಕತ್ತರಿ. ಅವರು ಮಕ್ಕಳ ಮುಖ ನೋಡಿ ಮಾತಾಡಿದ್ದು ನನಗೆ ನೆನಪಿಲ್ಲ. ಕಾಲನ್ನೇ ನೋಡುತ್ತಿದ್ದರು. ಕಾಗದದ ಮೇಲೆ ಮಲಗಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದರು, ಟೇಪು ಹಿಡಿದು ಅಳೆಯುತ್ತಿದ್ದರು.

ಆಯಾ ಕಲ್ಯಾಣಿಗೆ ಅದು ಆಗುತ್ತಿರಲಿಲ್ಲ. ಅವಳೂ ಬೆಂಗ್ರೆಯವಳೇ. “ಮಲಗಿಸಿ ಅಳೆಯುವುದು ಎಂತಕ್ಕೆ ಟೀಚರೇ? ನಮ್ಮಲ್ಲಿ ಹೆಣಕ್ಕೆ ಗುಂಡಿ ತೋಡುವ ಮೊದಲು ಹಾಗೆ ಅಳೆಯುವುದು” ಎಂದಳು. ನಾನು ಗದರಿಸಿದೆ. ಗದರಿಸಿದೆನೇ ಹೊರತು ಆ ಮಾತನ್ನು ಮನಸ್ಸಿನಿಂದ ಹೊರಗೆ ಹಾಕಲಿಲ್ಲ.

ಶನಿವಾರ ಆ ಬರಹ ಓದಿದವಳು ನೇರವಾಗಿ ಅವರ ಕೋಣೆಗೆ ಹೋದೆ. ಹೋದದ್ದು ಕೇಳಲಿಕ್ಕೆ. ಕೇಳಿದ್ದು ಬೇರೆ.

“ಸರ್, ಸೋಮವಾರದ ಕೆಲಸಕ್ಕೆ ಎಷ್ಟು ಹೊತ್ತು ಬೇಕು?”

“ಒಂದು ಕಾಲಿಗೆ ಅರ್ಧ ಗಂಟೆ. ಮಕ್ಕಳು ಹೆದರಿ ಅಳಬಹುದು. ನೀವು ಪಕ್ಕದಲ್ಲಿರಿ.”

“ತೆಗೆದ ಮೇಲೆ... ಆ ಕಾಲುಗಳನ್ನು?”

“ಬಿಸಿಲಿಗಿಟ್ಟು ಒಣಗಿಸೋದು. ಆಮೇಲೆ ಶೆಡ್ಡಿನಲ್ಲಿ ಹೆಸರು ಬರೆದು ಸಾಲಾಗಿ ಇಡೋಣ.”

ಇದನ್ನು ಓದಿ ನೀವು ನಗಬಹುದು. ನನ್ನ ಮೊಮ್ಮಕ್ಕಳು ಈಗಲೂ ಈ ಜಾಗಕ್ಕೆ ಬಂದಾಗ ನಗುತ್ತಾರೆ. ನನಗೆ ಮಾತ್ರ ಅಂದು ಅಂಗಾಲು ತಣ್ಣಗಾಯಿತು. ಹಿಂದಿನ ವರ್ಷವಷ್ಟೇ ನನ್ನ ದೊಡ್ಡ ಮಾವನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತಾಗ ಡಾಕ್ಟರು ಹೇಳಿದ್ದು ಇದೇ ಶಬ್ದ: ಕಾಲು ತೆಗೆಯಬೇಕು. ತೆಗೆದರು. ಮಾವ ಮನೆಗೆ ಬರಲಿಲ್ಲ. ಸತ್ತ ಕಾಲು ಇದ್ದರೆಷ್ಟು ಬಿಟ್ಟರೆಷ್ಟು, ಕತ್ತರಿಸಿ ಮರದ ಕಾಲು ಕಟ್ಟುವ ಹೊಸ ಪದ್ಧತಿ ಮದ್ರಾಸಿನಲ್ಲಿ ಬಂದಿರಬೇಕು ಎಂದು ನನ್ನಷ್ಟಕ್ಕೆ ನಾನೇ ನಿರ್ಧರಿಸಿದೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಿ.ಎ. ಓದಿದವಳು ‘ಹಾಗೆಂದರೇನು’ ಎಂದು ಕೇಳುವುದು ಹೇಗೆ?

ಹೊರಗೆ ಬಂದಾಗ ಕಲ್ಯಾಣಿ ಮನೆಗೆ ಹೊರಟು ನಿಂತಿದ್ದಳು. ಅವಳಿಗೆ ಓದು ಬಾರದು. “ಹಲಗೆಯಲ್ಲಿ ಎಂತ ಬರೆದದ್ದು?” ಎಂದು ಕೇಳಿದಳು. ನಾನು ಹೇಳಿಬಿಟ್ಟೆ.

ತುಳುವಿನಲ್ಲಿ ಒಂದು ಪುಟ್ಟ ಪ್ರತ್ಯಯ ಉಂಟು: ‘ಗೆ’. ಕನ್ನಡದ ‘ಅಂತೆ’ ಇದ್ದ ಹಾಗೆ. ನಾನು ಕಂಡದ್ದಲ್ಲ, ಕೇಳಿದ್ದು ಎಂದು ಹೇಳಲಿಕ್ಕೆ ಅದನ್ನು ಮಾತಿನ ಬಾಲಕ್ಕೆ ಅಂಟಿಸುತ್ತಾರೆ. ನಾನು ಹೇಳಿದ್ದು “ಕಾರ್ ದೆಪ್ಪುವೆರ್‌ಗೆ”, ಅಂದರೆ ಕಾಲು ತೆಗೆಯುತ್ತಾರಂತೆ. ಕಲ್ಯಾಣಿ ಅದೇ ಮಾತನ್ನು ಬೋಳೂರಿನ ಕಡವಿನಲ್ಲಿ ದೋಣಿ ಹತ್ತುವಾಗ ಹೇಳಿದಳು. ದೋಣಿ ಬೆಂಗ್ರೆಯ ಮರಳಿಗೆ ತಾಗುವಷ್ಟರಲ್ಲಿ ಅದು “ಕಾರ್ ದೆಪ್ಪುವೆರ್” ಆಗಿತ್ತು. ಕಾಲು ತೆಗೆಯುತ್ತಾರೆ. ‘ಗೆ’ ನದಿಯಲ್ಲಿ ಬಿದ್ದುಹೋಗಿತ್ತು.

ಭಾನುವಾರ ನಾನು ಕಮಿಟಿಯ ಸೆಕ್ರೆಟರಿಯವರ ಮನೆಗೆ ಹೋದೆ. ಅವರು ಮದುವೆಗೆಂದು ಊರಿಗೆ ಹೋಗಿದ್ದರು. ಚೀಟಿ ಬರೆದಿಡಬಹುದಿತ್ತು, ಬರೆಯಲಿಲ್ಲ. ಸೋಮವಾರ ಎದುರಿಗೇ ನಿಂತು ತಡೆಯುತ್ತೇನೆ ಎಂದುಕೊಂಡೆ.

ಸೋಮವಾರ ಎಂಟು ಗಂಟೆಗೆ ವೆಂಕಟರಾಮಯ್ಯನವರು ಗಿರಿಜಾಳನ್ನು ಮೇಜಿನ ಮೇಲೆ ಕೂರಿಸಿದರು. ನಾನು ಅವಳ ಕೈ ಹಿಡಿದು, ಕಣ್ಣು ಚೂರಿಯ ಮೇಲಿಟ್ಟು ನಿಂತೆ. ಅವರು ಚೂರಿ ಮುಟ್ಟಲಿಲ್ಲ. ಕಾಲಿಗೆ ಎಣ್ಣೆ ಸವರಿದರು. ಕಾಲಿನ ಮುಂಭಾಗದ ಉದ್ದಕ್ಕೂ ತೆಳುವಾದ ತಗಡಿನ ಪಟ್ಟಿ ಇಟ್ಟರು. ಬಿಳಿ ಪುಡಿ ತುಂಬಿದ ಬಟ್ಟೆಯ ಸುರುಳಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪಾದದಿಂದ ಮೇಲಕ್ಕೆ ಸುತ್ತತೊಡಗಿದರು. ಪ್ಲಾಸ್ಟರ್ ಆಫ್ ಪ್ಯಾರಿಸ್. ಸುತ್ತುತ್ತಲೇ ಅವರು ಹೇಳಿದರು, ಅದು ಗಟ್ಟಿಯಾದ ಮೇಲೆ ಸೀಳಿ ಬಿಡಿಸಿದರೆ ಒಳಗೆ ಕಾಲಿನ ಅಚ್ಚು ಸಿಗುತ್ತದೆ. ಆ ಅಚ್ಚಿನಲ್ಲಿ ಎರಕ ಹೊಯ್ದು, ಒಣಗಿಸಿ, ಅದರ ಮೇಲೆ ಹಸಿ ಚರ್ಮ ಎಳೆದು ಕಟ್ಟಿದರೆ ಆ ಮಗುವಿನ ಕಾಲಿಗೇ ಕೂರುವ, ನಡೆಯಲು ಆಸರೆಯಾಗುವ ಪಟ್ಟಿ ತಯಾರು. ಮದ್ರಾಸಿನ ಅವರ ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಇದಕ್ಕೆ ‘ಕಾಲು ತೆಗೆಯುವುದು’ ಎಂದೇ ಹೆಸರು.

“ತೆಗೆಯುವುದು ಬರೀ ಅಚ್ಚಾ?” ಎಂದೆ.

“ಮತ್ತೇನು ಅಂದುಕೊಂಡಿರಿ?”

ಉತ್ತರ ಕೊಡುವ ಮೊದಲೇ ಗೇಟಿನ ಕಡೆ ಗದ್ದಲ ಕೇಳಿತು.

ಮೂವತ್ತು ನಲವತ್ತು ಜನ ಇದ್ದಿರಬೇಕು. ಮುಂದೆ ಗಿರಿಜಾಳ ಅಜ್ಜಿ ದುಗ್ಗಮ್ಮ. ತಾಯಿಯಿಲ್ಲದ ಆ ಹುಡುಗಿಯನ್ನು ಮೀನು ಮಾರಿ ಸಾಕಿದವಳು. ಬೆನ್ನಿಗೆ ಆಗಷ್ಟೇ ಕಡಲಿನಿಂದ ಮರಳಿದ ಅವಳ ಕೇರಿಯ ಗಂಡಸರು, ಕೆಲವರ ಕೈಯಲ್ಲಿ ದೋಣಿಯ ಹುಟ್ಟು. ಮೀನು ಮಾರ್ಕೆಟಿನಲ್ಲಿ ಸುದ್ದಿ ಕೇಳಿದ ಹಸನಬ್ಬನವರೂ ಇದ್ದರು. ಅವರು ಬಾಗಿಲಲ್ಲೇ ನಿಂತು, “ನನ್ನ ಮಗ ಎಲ್ಲಿ? ಅವನಿಗೆ ಎರಡೂ ಅಂತ ಬರೆದದ್ದು ಯಾರು?” ಎಂದು ಕೂಗಿದರು.

“ಒಳಗೆ ಆಡ್ತಾ ಇದ್ದಾನೆ. ಯಾರಿಗೂ ಏನೂ ಮಾಡಿಲ್ಲ” ಎಂದರು ವೆಂಕಟರಾಮಯ್ಯ. ಅವರಿಗೆ ಇನ್ನೂ ವಿಷಯ ಹೊಳೆದಿರಲಿಲ್ಲ. “ಕಾಲು ತೆಗೆಯೋದು ಅಂದರೆ ಏನಮ್ಮ? ಫೋಟೋ ತೆಗೀತಾರೆ, ಮುಖ ಹೋಗುತ್ತಾ?”

“ಹೋಗುತ್ತದೆ!” ಎಂದಳು ದುಗ್ಗಮ್ಮ. “ನನ್ನ ಗಂಡನ ಫೋಟೋ ತೆಗೆದ ವರ್ಷವೇ ಅವರು ಹೋದದ್ದು. ಮುಖ ಹಿಡಿದುಕೊಂಡೇ ಹೋದದ್ದು.”

ಯಾರೋ ಹಿಂದೆ ನಕ್ಕರು. ಅದು ಅಲ್ಲಿಗೇ ನಿಲ್ಲಬಹುದಿತ್ತು. ಆಗ ಗಿರಿಜಾ, “ಅಜ್ಜೀ, ಕಾಲು ಬಿಸಿ ಆಗ್ತಾ ಉಂಟು” ಎಂದಳು.

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುವುದು ಅದರ ಗುಣ. ಅದು ಆ ಕೋಣೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಗಾಬರಿಯಿಂದ ಮಾಡಬಾರದ್ದನ್ನು ಮಾಡಿದರು. ಬೇಗ ಬಿಡಿಸಿ ತೋರಿಸಲೆಂದು ಚೂರಿ ಎತ್ತಿಕೊಂಡು ಹುಡುಗಿಯ ಕಾಲಿನತ್ತ ಬಾಗಿದರು.

ಕಲ್ಲು ಎಲ್ಲಿಂದ ಬಂತೋ ಕಾಣಲಿಲ್ಲ. ಹಣೆಗೆ ಬಿದ್ದ ಸದ್ದು ಕೇಳಿತು, ಅಷ್ಟೆ. ಅವರು ಮೇಜು ಹಿಡಿದು ಕುಸಿದರು. ಒಬ್ಬ ಹುಟ್ಟು ಎತ್ತಿದ. ಎತ್ತಿದ ಆ ಹುಟ್ಟು ಬಾಗಿಲಿನ ಮೇಲಿನ ಚೌಕಟ್ಟಿಗೆ ‘ಠಕ್’ ಎಂದು ತಾಗಿತು. ತಾಗದಿದ್ದರೆ ಅದು ಅವರ ತಲೆಯ ಮೇಲೆ ಬೀಳುತ್ತಿತ್ತು. ಐವತ್ತು ವರ್ಷಗಳ ನಂತರವೂ ಯಾರಾದರೂ ಬಾಗಿಲಿಗೆ ಏನಾದರೂ ತಾಗಿಸಿದರೆ ನನ್ನ ಎದೆ ಬಡಿದುಕೊಳ್ಳುತ್ತದೆ.

ನಾನು ಅವರ ಮುಂದೆ ಬಂದು ನಿಂತೆ. ಧೈರ್ಯದಿಂದ ಅಲ್ಲ. ನನ್ನ ಮಾತೇ ಹುಟ್ಟು ಹಿಡಿದು ಬಂದಿದೆ ಎಂದು ಗೊತ್ತಿದ್ದದ್ದರಿಂದ. “ಕಲ್ಯಾಣಿಗೆ ಹೇಳಿದ್ದು ನಾನು. ನಾನು ತಪ್ಪು ತಿಳಿದದ್ದು. ಇವರು ಅಚ್ಚು ತೆಗೆಯುವುದು, ಕಾಲು ಅಲ್ಲ” ಎಂದು ತುಳುವಿನಲ್ಲಿ ಕೂಗಿದೆ.

ದುಗ್ಗಮ್ಮ ನನ್ನ ಹತ್ತಿರ ಬಂದಳು. ಮೀನಿನ ವಾಸನೆಯ ಕೈಯಿಂದ ನನ್ನ ಗಲ್ಲ ಹಿಡಿದು ಮುಖ ಎತ್ತಿದಳು. “ಶನಿವಾರ ಒಂದು ಹೇಳ್ತೀ, ಸೋಮವಾರ ಇನ್ನೊಂದು. ಯಾವುದನ್ನು ನಂಬುವುದು ಮಾರಾಯ್ತಿ? ಅಚ್ಚಾದರೆ ಮೊದಲು ನಿನ್ನದು ತೆಗೆಯಲಿ.”

ಮೇಜಿನ ಮೇಲೆ ಗಿರಿಜಾಳ ಪಕ್ಕ ಕುಳಿತು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದೆ. ಅಷ್ಟು ಗಂಡಸರ ಎದುರು. ವೆಂಕಟರಾಮಯ್ಯ ಹಣೆಗೆ ಟವೆಲು ಕಟ್ಟಿಕೊಂಡು, ಎಣ್ಣೆ ಸವರಿ, ಪಟ್ಟಿ ಇಟ್ಟು, ಸುತ್ತಿದರು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ: ಆಗಲೂ ನಾನು ಆ ಮನುಷ್ಯನನ್ನು ಪೂರ್ತಿ ನಂಬಿರಲಿಲ್ಲ. ಸುತ್ತುವುದನ್ನು ನೋಡಿದ್ದೆ, ಬಿಡಿಸುವುದನ್ನು ನೋಡಿರಲಿಲ್ಲ. ಬಿಸಿ ಏರತೊಡಗಿತು. ಗಂಜಿಯ ಪಾತ್ರೆಗೆ ಕಾಲು ತಾಗಿದ ಹಾಗೆ, ಮತ್ತೆ ಅದಕ್ಕಿಂತ ಹೆಚ್ಚು. ಇದು ಇಷ್ಟಕ್ಕೆ ನಿಲ್ಲುತ್ತದೆಯೇ ಎಂದು ಅವರನ್ನು ಕೇಳುವಂತಿರಲಿಲ್ಲ. ನನ್ನ ಹುಬ್ಬು ಗಂಟಿಕ್ಕಿದರೆ ಸಾಕು, ಆ ಹುಟ್ಟು ಮತ್ತೆ ಏಳುತ್ತಿತ್ತು. ದುಗ್ಗಮ್ಮನ ಕಣ್ಣು ನನ್ನ ಮುಖ ಬಿಟ್ಟು ಅತ್ತಿತ್ತ ಹೋಗಲಿಲ್ಲ.

“ಬಿಸಿ ಉಂಟಾ?” ಎಂದಳು.

“ಉಂಟು. ಸುಡುವುದಿಲ್ಲ” ಎಂದೆ. ಎರಡನೆಯ ಮಾತು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ.

ನಿಧಾನವಾಗಿ ಬಿಸಿ ಇಳಿಯಿತು. ಅವರು ಚೂರಿಯತ್ತ ಕೈ ಚಾಚಿದರು, ತಡೆದು ಹಿಂದಕ್ಕೆ ತೆಗೆದರು. ಹಿಡಿಯನ್ನು ದುಗ್ಗಮ್ಮನ ಕಡೆ ತಿರುಗಿಸಿ, “ನೀವೇ ಸೀಳಿ ತಾಯಿ. ಕೆಳಗೆ ತಗಡಿದೆ, ಅದರ ಮೇಲೆ ಹೋಗಿ” ಎಂದರು. ಆ ಮನುಷ್ಯ ಅಂದು ಮಾಡಿದ ಜಾಣತನ ಅದೊಂದೇ, ಆದರೆ ಅದು ಸಾಕಾಯಿತು.

“ನಲವತ್ತು ವರ್ಷ ಮೀನು ಸೀಳಿದವಳಿಗೆ ಇದೆಂತ” ಎಂದು ದುಗ್ಗಮ್ಮ ಚೂರಿ ತೆಗೆದುಕೊಂಡಳು. ಮೊಣಕಾಲಿನ ಕೆಳಗಿನಿಂದ ಹೆಬ್ಬೆರಳಿನವರೆಗೆ ಒಂದೇ ಗೆರೆ. ಅಂಚುಗಳನ್ನು ಎರಡೂ ಕೈಯಿಂದ ಅಗಲಿಸಿದಳು. ನನ್ನ ಕಾಲು ಹೊರಗೆ ಬಂತು, ಕೆಂಪಗೆ, ಎಣ್ಣೆಯಿಂದ ಹೊಳೆಯುತ್ತ. ಆಡಿಸಲು ಹೇಳಿದಳು. ಆಡಿಸಿದೆ. ಆಮೇಲೆ ಖಾಲಿ ಅಚ್ಚನ್ನು ಬೆಳಕಿಗೆ ಹಿಡಿದು ಒಳಗೆ ಬಗ್ಗಿ ನೋಡಿದಳು. ಐದು ಬೆರಳಿನ ಗುಳಿ, ಹಿಮ್ಮಡಿಯ ಒಡಕಿನ ಗೆರೆ ಎಲ್ಲ ಅಲ್ಲಿತ್ತು.

“ಇದು ಹಂಚಿನ ಫ್ಯಾಕ್ಟರಿಯ ಅಚ್ಚೇ ಅಲ್ಲವಾ!” ಎಂದಳು. ಅವಳ ಮಗ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹಿಂದಕ್ಕೆ ತಿರುಗಿ, “ಹುಟ್ಟು ಕೆಳಗಿಡಿ ಮಕ್ಕಳೇ. ಟೀಚರಿನ ಹಿಮ್ಮಡಿ ನನ್ನದಕ್ಕಿಂತ ಹೆಚ್ಚು ಒಡೆದಿದೆ, ಅಷ್ಟೇ ವಿಷಯ” ಎಂದಳು.

ಗಿರಿಜಾಳ ಅಚ್ಚನ್ನೂ ಅವಳೇ ಸೀಳಿದಳು. ಹಸನಬ್ಬನವರು ಮಾತ್ರ ಮೊಯ್ದೀನನನ್ನು ಹೆಗಲ ಮೇಲೆ ಹಾಕಿಕೊಂಡು ಹೋದರು. ಅವನು ಮತ್ತೆ ಬರಲಿಲ್ಲ. ಆ ವಾರ ಇನ್ನೂ ಐದು ಮಕ್ಕಳನ್ನು ಮನೆಯವರು ಕರೆದೊಯ್ದರು. ಅವರಲ್ಲಿ ಇಬ್ಬರನ್ನು ನಾನು ಮನೆಗೇ ಹೋಗಿ ಬೇಡಿ ಮರಳಿ ತಂದೆ. ಮೊಯ್ದೀನನ ಮನೆಗೆ ಮೂರು ಸಲ ಹೋದೆ. ಹಸನಬ್ಬನವರು ಪ್ರತಿಸಲವೂ ಶರಬತ್ತು ಕೊಟ್ಟರು, ಹುಡುಗನನ್ನು ಕೊಡಲಿಲ್ಲ. ಈ ಕಥೆಯಲ್ಲಿ ನನ್ನ ನಿಜವಾದ ಸಾಲ ಅದು.

ಅಂದು ಸಂಜೆ ವೆಂಕಟರಾಮಯ್ಯನವರ ಎದುರು ನಿಂತು ಎಲ್ಲ ಹೇಳಿದೆ.

“ಕೇಳಬಹುದಿತ್ತಲ್ಲ?”

“ನೀವೂ ಹೇಳಬಹುದಿತ್ತು ಸರ್.”

“ಅದೂ ಹೌದು” ಎಂದರು. ಎದ್ದು ಹೋಗಿ ಹಲಗೆಯ ಮೇಲೆ ‘ಕಾಲು’ ಎಂಬುದರ ಮುಂದೆ ‘ಅಚ್ಚು’ ಎಂದು ಸೇರಿಸಿ ಬಂದರು. ಕಮಿಟಿಗೆ ಬರೆದ ರಿಪೋರ್ಟಿನಲ್ಲಿ ಗಾಯದ ಬಗ್ಗೆ ‘ಜಾರಿ ಬಿದ್ದದ್ದು’ ಎಂದಿತ್ತು.

ರುಕ್ಮಿಣಿಯಮ್ಮನವರನ್ನು ಕಾಣಲು ಹೋದಾಗ, ಕಣ್ಣಿಡು ಎಂದದ್ದು ಯಾರ ಮೇಲೆ ಎಂದು ಕೇಳಿದೆ. “ಮಕ್ಕಳ ಮೇಲೆ, ಮತ್ಯಾರ ಮೇಲೆ?” ಎಂದರು. ನಾನು ಎದ್ದು ಹೊರಡುವಾಗ, “ಆ ಹೊಸಬರ ಮೇಲೂ ಸ್ವಲ್ಪ” ಎಂದರು.

ಸಂಶಯ ಪಡಬಾರದೆಂದು ನಾನು ಹೇಳುವುದಿಲ್ಲ. ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿದ ಮೇಲೆ ಸಂಶಯವೂ ಕೆಲಸದ ಒಂದು ಭಾಗ. ಮುಂದೆ ನಾನೇ ಆ ಮನೆಯ ಹೊಣೆ ಹೊತ್ತಾಗ ಹೊಸದಾಗಿ ಬಂದ ಟೀಚರುಗಳಿಗೆ ಇಷ್ಟೇ ಹೇಳುತ್ತಿದ್ದೆ: ನನ್ನ ಮೇಲೆ ಸಂಶಯ ಬಂದರೆ ಮೊದಲು ನನ್ನನ್ನೇ ಕೇಳಿ, ಎಷ್ಟು ದಡ್ಡ ಪ್ರಶ್ನೆಯಾದರೂ ಸರಿ. ಬೇರೆಯವರಿಗೆ ಹೇಳಲೇಬೇಕಾದರೆ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬಿಡಿಸಿ ಹೇಳಿ. ‘ಗೆ’ ಬಹಳ ಸಣ್ಣದು, ದಾರಿಯಲ್ಲಿ ಬಿದ್ದುಹೋಗುತ್ತದೆ.

ಆ ಸೋಮವಾರದ ನಂತರ ವಾರಗಟ್ಟಲೆ ನನಗೆ ನಿದ್ರೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ‘ಠಕ್’. ಮಾರ್ಚ್ ತಿಂಗಳ ಒಂದು ಬುಧವಾರ ಗಿರಿಜಾಳ ಚರ್ಮದ ಪಟ್ಟಿ ತಯಾರಾಯಿತು. ಅಜ್ಜಿಯೇ ಲೇಸು ಬಿಗಿದಳು. ಹುಡುಗಿ ಗೋಡೆ ಹಿಡಿದು ಎದ್ದಳು, ಗೋಡೆ ಬಿಟ್ಟಳು, ವರಾಂಡದ ತುದಿಯ ಕರಿಹಲಗೆಯವರೆಗೆ ಹನ್ನೊಂದು ಹೆಜ್ಜೆ ಇಟ್ಟಳು. ಪ್ರತಿ ಹೆಜ್ಜೆಗೂ ಪಟ್ಟಿಯ ಅಡಿಯ ಕಬ್ಬಿಣ ನೆಲಕ್ಕೆ ತಾಗಿ ‘ಠಕ್’ ಎಂದು ಸದ್ದಾಗುತ್ತಿತ್ತು.

ಮರುದಿನ ಕಲ್ಯಾಣಿ ನನ್ನ ಕೋಣೆಯ ಬಾಗಿಲು ತಟ್ಟಿದಾಗ ಬಿಸಿಲು ಚಾಪೆಯ ಮೇಲೆ ಬಂದಿತ್ತು.

“ಎಂತ ಟೀಚರೇ, ಹುಷಾರಿಲ್ಲವಾ?”

“ನಿದ್ರೆ ಬಂತು ಕಲ್ಯಾಣಿ.”

ಅವಳು ಅಡುಗೆಮನೆಯ ಕಡೆ ಮುಖ ಮಾಡಿ, ಕೊನೆಯ ಅಕ್ಷರವನ್ನು ಜಾಗ್ರತೆಯಿಂದ ಒತ್ತಿ ಕೂಗಿದಳು: “ಟೀಚರೆಗ್ ನಿದ್ರೆ ಬತ್ತ್‌ಂಡ್‌ಗೆ!”