ಪೆಟ್ಟಿಗೆಯಿಂದ ಬಂದ ಪ್ರಾರ್ಥನೆ

ನನ್ನ ಅಕ್ಕನ ಗಂಡನನ್ನು ಎಲ್ಲರೂ ‘ಹಲೋ ಮೇಷ್ಟ್ರು’ ಎಂದೇ ಕರೆಯುವುದು. ಅವರು ಮೇಷ್ಟ್ರೂ ಅಲ್ಲ, ಯಾರಿಗೂ ಪಾಠ ಹೇಳಿದವರೂ ಅಲ್ಲ. ಮೈಕ್ ಸೆಟ್ ಬಾಡಿಗೆಗೆ ಕೊಡುವುದು, ಕೆಟ್ಟ ರೇಡಿಯೊ ರಿಪೇರಿ ಮಾಡುವುದು ಅವರ ಕಸುಬು. ಸಭೆ ಶುರುವಾಗುವ ಮೊದಲು ಮೈಕಿಗೆ ಬಾಯಿಟ್ಟು ‘ಹಲೋ, ಹಲೋ’ ಎಂದು ಗಂಟಲು ಹರಿದುಕೊಳ್ಳುತ್ತಾರಲ್ಲ, ಹೆಸರು ಅಲ್ಲಿಂದ ಅಂಟಿಕೊಂಡಿತು. ಅದೊಂದು ಬಿಟ್ಟರೆ ಮೈಕಿನ ಮುಂದೆ ಅವರು ತುಟಿ ಬಿಚ್ಚಿದ್ದನ್ನು ಕಂಡವರಿಲ್ಲ.

ಚರ್ಚಿನಲ್ಲೂ ಮೈಕು ಅವರದೇ. ಕೊನೆಯ ಬೆಂಚಿನ ಹಿಂದೆ ಹಲಗೆ ಅಡ್ಡ ಹಾಕಿದ ಒಂದು ಮೂಲೆ. ಅದರಲ್ಲಿ ಸ್ಟೂಲು, ಧ್ವನಿ ಹದ ಮಾಡುವ ಮಿಕ್ಸರು, ಫ್ಲಾಸ್ಕಿನಲ್ಲಿ ಕಾಫಿ. ಆರಾಧನೆ ಮುಗಿಯುವವರೆಗೆ ಅವರ ಸಾಮ್ರಾಜ್ಯ ಅಷ್ಟೇ. ಎಲ್ಲರೂ ಮೊಣಕಾಲೂರಿದಾಗ ಭಾವ ವೈರು ಸುತ್ತುತ್ತಿದ್ದರು. “ಸಭಾಪಾಲಕರ ಪ್ರಸಂಗ ಹೇಗಿತ್ತು ಭಾವ?” ಎಂದು ಕೇಳಿದರೆ “ಬೇಸ್ ಸ್ವಲ್ಪ ಜಾಸ್ತಿ ಆಯ್ತು” ಎನ್ನುವರು. ನಾನು ಬಿದ್ದೂ ಬಿದ್ದೂ ನಗುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ.

ಮನೆಯಲ್ಲಿ ಪ್ರಾರ್ಥನೆ ಪೂರ್ತಿ ಅಕ್ಕನ ಇಲಾಖೆ. ಊಟಕ್ಕೆ ಮೊದಲು, ಮಲಗುವ ಮೊದಲು, ಮಗಳ ಪರೀಕ್ಷೆಗೆ, ನನ್ನ ಸೊಂಟ ನೋವಿಗೆ. ಭಾವನದು ಕೊನೆಯಲ್ಲೊಂದು ಆಮೆನ್. ಅದನ್ನೂ ಕೆಲವೊಮ್ಮೆ ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿಬಿಡುತ್ತಿದ್ದರು. ಕೆಟ್ಟವರೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಬಾಡಿಗೆ ಕೇಳದೆ ಸೆಟ್ಟು ಹಾಕಿ ಬರುವವರು. ದೇವರಿಗೂ ತಮಗೂ ನಡುವೆ ಹೆಂಡತಿಯನ್ನು ನಿಲ್ಲಿಸಿಕೊಂಡು ಹಾಯಾಗಿದ್ದರು.

ಹಾಗಿರುವಾಗ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮಾಡಲೇಬೇಕು, ಆದರೆ ಧ್ವನಿ ಉಳಿಯುತ್ತದೆ ಎಂಬ ಭರವಸೆ ಕೊಡಲಾರೆವು ಎಂದರು ಡಾಕ್ಟರು.

“ನನ್ನ ಮಾತು ಹೋದ್ರೆ ಹೋಗ್ಲಿ ರೀ,” ಎಂದಳು ಅಕ್ಕ ಮನೆಗೆ ಬಂದು. “ಆಮೇಲೆ ಈ ಮನೇಲಿ ದೇವರ ಹತ್ರ ಮಾತಾಡೋರ್ಯಾರು?”

“ಹಾಗೆಲ್ಲ ಏನೂ ಆಗಲ್ಲ ಬಿಡು,” ಎಂದು ಭಾವ ಅಂಗಡಿಗೆ ಹೊರಟುಬಿಟ್ಟರು.

ನಮ್ಮ ಚರ್ಚಿನಲ್ಲಿ ಒಂದು ರೂಢಿಯಿದೆ. ಆಪರೇಷನ್ನಿಗೆ ಹೋಗುವವರನ್ನು ಅದರ ಹಿಂದಿನ ಭಾನುವಾರ ಎಲ್ಲರ ಮುಂದೆ ನಿಲ್ಲಿಸುತ್ತಾರೆ. ಅವರಿಗಾಗಿ ಪ್ರಾರ್ಥಿಸುವುದು ಸಭಾಪಾಲಕರಲ್ಲ. ಮನೆಯವರೇ ಪಕ್ಕದಲ್ಲಿ ನಿಂತು, ಬಾಯಿಬಿಟ್ಟು, ತಮ್ಮ ಮಾತಿನಲ್ಲೇ ಪ್ರಾರ್ಥಿಸಬೇಕು. ಭಾವನಿಗೆ ಚಳಿಜ್ವರ ಬಂದ ಹಾಗಾಯಿತು.

“ನೀನೇ ಮಾಡಮ್ಮ, ನಿಂಗೆ ಬಾಯಿ ಜೋರು,” ಎಂದು ನನ್ನನ್ನು ಪುಸಲಾಯಿಸಲು ನೋಡಿದರು.

“ಅವಳನ್ನ ಮದುವೆ ಆಗಿರೋದು ನೀವು, ನಾನಲ್ಲ,” ಎಂದೆ. ನಿಜಕ್ಕೂ ಸಿಟ್ಟು ಬಂದಿತ್ತು.

ಆಮೇಲೆ ಅವರು ಮಾಡಿದ ಕೆಲಸವನ್ನು ಇನ್ಯಾವ ಗಂಡನೂ ಮಾಡಿರಲಾರ. ಅಂಗಡಿ ಬಾಗಿಲೆಳೆದುಕೊಂಡು, ಪ್ರಾರ್ಥನೆ ಪುಸ್ತಕ ಓದಿ ತಮ್ಮ ಧ್ವನಿಯನ್ನೇ ರೆಕಾರ್ಡ್ ಮಾಡಿಕೊಂಡರು. ತಡವರಿಸಿದ್ದನ್ನು ಕತ್ತರಿಸಿದರು, ಕೆಮ್ಮಿದ್ದನ್ನು ತೆಗೆದರು, ಮೇಲೊಂದಿಷ್ಟು ಎಕೋ ಬೇರೆ ಸೇರಿಸಿದರು. ಭಾನುವಾರ ಸಭಾಪಾಲಕರು ಕರೆದಾಗ ಅಕ್ಕ ಒಬ್ಬಳೇ ಹೋಗಿ ಮುಂದೆ ನಿಂತಳು. ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆಯಿಂದ ಭಾವನ ಧ್ವನಿ ಮೊಳಗಿತು: “ಪರಲೋಕದ ತಂದೆಯೇ, ನಿನ್ನ ದಾಸಿಯಾದ ಇವಳನ್ನು...” ಜನ ಕತ್ತೆತ್ತಿ ಪೆಟ್ಟಿಗೆಯನ್ನು ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ಅಕ್ಕ ಕಣ್ಣು ಮುಚ್ಚಿರಲಿಲ್ಲ. ಬೆಂಚುಗಳ ನಡುವೆ ನಿಧಾನವಾಗಿ ನಡೆದು ಆ ಮೂಲೆಗೆ ಹೋದಳು. ಎಲ್ಲಿ ಬಿದ್ದುಬಿಡುತ್ತಾಳೋ ಎಂದು ನಾನೂ ಹಿಂದೆಯೇ ಹೋದೆ.

“ಚೆನ್ನಾಗಿದೆ ರೀ,” ಎಂದಳು. ಆಗಲೇ ಅವಳ ಧ್ವನಿ ಒಡೆದಿತ್ತು. “ಆದ್ರೆ ನಂಗೆ ಭಯ ಆಗ್ತಿದೆ. ನೀವು ಬನ್ನಿ.”

ಭಾವ ಗುಂಡಿ ಒತ್ತಿದರು. ವಾಕ್ಯದ ನಡುವೆಯೇ ಧ್ವನಿ ನಿಂತಿತು. ಅವಳ ಹಿಂದೆಯೇ ಸಭೆಯ ಮುಂದಕ್ಕೆ ಬಂದರು. ಸಭಾಪಾಲಕರು ಚಾಚಿದ ಮೈಕನ್ನು ಬೇಡವೆಂದರು. ಅಕ್ಕನ ಕೈ ಹಿಡಿದುಕೊಂಡರು. ಈಗ ನಗುವವರು ಯಾರೂ ಇರಲಿಲ್ಲ. “ಕರ್ತನೇ, ನಂಗೆ ಪ್ರಾರ್ಥನೆ ಮಾಡೋಕೆ ಬರಲ್ಲ. ಇವಳು ಮಾಡ್ತಾಳೆ ಅಂತ ಆರಾಮಾಗಿ ಇದ್ಬಿಟ್ಟೆ. ಇವಳನ್ನ ಉಳಿಸು,” ಎಂದು ಅತ್ತುಬಿಟ್ಟರು. ಮುಂದಿನ ಸಾಲಿನವರನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಆದರೂ ಇಡೀ ಚರ್ಚು ಆಮೆನ್ ಎಂದಿತು.

ಅಕ್ಕ ಉಳಿದಳು. ಧ್ವನಿ ಉಳಿಯಲಿಲ್ಲ.

ಭಾವ ಆ ಮೂಲೆಯನ್ನು ಬೇರೆಯವರಿಗೆ ಒಪ್ಪಿಸಿ ಅಕ್ಕನ ಪಕ್ಕ ಬೆಂಚಿನಲ್ಲಿ ಕೂರತೊಡಗಿದರು. ಸುಲಭವಿರಲಿಲ್ಲ. ಮೈಕು ಕುಂಯ್ ಎಂದರೆ ಸಾಕು, ಎದ್ದುಬಿಡುವರು. ಅಕ್ಕ ಅಂಗಿ ಹಿಡಿದು ಕೂರಿಸುವಳು. ಬೆಳಗಿನ ರೇಡಿಯೊ ವಾರ್ತೆಯ ಹೊತ್ತಿಗೆ ಈಗ ಬೈಬಲ್ ತೆರೆದುಕೊಳ್ಳುತ್ತಾರೆ. ಕೆಲವು ದಿನ ಓದುತ್ತಲೇ ತೂಕಡಿಸುತ್ತಾರೆ.

“ಹೊಸ ಮನುಷ್ಯ ಆಗೋದು ಅಂದ್ರೆ ಒಂದೇ ಸಲ ಅನ್ಕೊಂಡಿದ್ದೆ ಕಣಮ್ಮ,” ಎಂದರು ಒಮ್ಮೆ. “ದಿನಾ ಎದ್ದು ಮತ್ತೆ ಶುರು ಮಾಡ್ಬೇಕು. ನನ್ನೊಳಗಿನ ಹಳೇ ಮನುಷ್ಯ ಹಾಸಿಗೆ ಬಿಟ್ಟು ಏಳೋದೇ ಇಲ್ಲ.”

ಮೊನ್ನೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಭಾವ ಪ್ರಾರ್ಥನೆ ಶುರು ಮಾಡಿದರು. ಹೇಳಿದ್ದನ್ನೇ ಹೇಳುತ್ತಾರೆ, ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತಾರೆ. ಅನ್ನ ಆರುತ್ತಿತ್ತು. ಏನಾದರೂ ತಮಾಷೆ ಮಾಡೋಣವೆಂದು ಕಣ್ಣುಬಿಟ್ಟೆ. ಅಕ್ಕನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಭಾವನೂ ಕಣ್ಣುಬಿಟ್ಟು ಅವಳನ್ನೇ ನೋಡುತ್ತಿದ್ದರು.

“ಇವಳು ಏನೋ ಹೇಳ್ತಿದಾಳೆ ಕರ್ತನೇ,” ಎಂದರು. “ನಂಗೆ ಕೇಳಿಸಲ್ಲ, ನಿಂಗೆ ಕೇಳಿಸತ್ತೆ. ಮೊದಲು ಅವಳದ್ದನ್ನ ಕೇಳು. ನಂದು ಆಮೇಲೆ.”