ಮಾಳಿಗೆಯ ಮಣ್ಣು ಯಾರದು?

ಮನೆಯೊಂದನ್ನು ಬಾಡಿಗೆಗೆ ಕೊಟ್ಟವನ ಕುತ್ತಿಗೆ ಮರುದಿನವೇ ಸೆಟೆದುಕೊಳ್ಳುತ್ತದೆ. ಹೊಸಪೇಟೆಯ ಬೀದಿಗಳಲ್ಲಿ ಇಂಥ ಕುತ್ತಿಗೆಗಳನ್ನು ನೋಡಿ ನಾನು ಬಹಳ ನಕ್ಕಿದ್ದೇನೆ. ನಿನ್ನೆಯವರೆಗೆ ಬೆಲ್ಲದ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದವನು ಇವತ್ತು ಮಾಲಕನಂತೆ! ಆಮೇಲೆ ಸ್ಟೇಷನ್ ಕಡೆಯ ಒಂದು ಮಾಳಿಗೆ ಮನೆ ಸೋದರಮಾವನಿಂದ ನನಗೇ ಬಂತು. ಕನ್ನಡಿಯಲ್ಲಿ ನೋಡಿಕೊಂಡೆ. ನನ್ನದೂ ಅಷ್ಟೇನೂ ಬಾಗುತ್ತಿರಲಿಲ್ಲ.

ಹೊಸ ಮಾಲಕನಿಗೆ ತಲೆ ತುಂಬ ಪ್ರಶ್ನೆ. ಯಾರಿಗೆ ಕೊಡಬೇಕು? ಗೋಡೆಗೆ ಮೊಳೆ ಹೊಡೆದರೆ ಸುಮ್ಮನಿರಬೇಕೆ? ಬಾವಿಯ ಹಗ್ಗ ಹರಿದರೆ ಹೊಸದನ್ನು ತರುವವರಾರು? ಇವಕ್ಕೆಲ್ಲ ಉತ್ತರ ಹೊತ್ತುಕೊಂಡು ಕಂಪ್ಲಿಯಿಂದ ನನ್ನ ಅಕ್ಕನ ಗಂಡ, ಭಾವನವರು, ಬಂದಿಳಿದರು. ಅಲ್ಲಿ ಅವರದು ಸಾಲು ಮನೆಗಳು. ಆ ಸಾಲಿಗಿಂತ ಅವರ ಉಪದೇಶವೇ ಉದ್ದ.

“ಬಾಡಿಗಿ ಮಂದಿ ಜೋಡಿ ನಗಬ್ಯಾಡಪಾ, ನಕ್ಕರ ಸುಣ್ಣ ಹಚ್ಚಿಸಿಕೊಡು ಅಂತಾರ. ಮಕ್ಕಳೆಷ್ಟು, ಬೀಗರು ಬಂದ್ರ ಎಷ್ಟು ದಿನ ಇರ್ತಾರ, ನಸಿಕಿನ್ಯಾಗ ಬೀಸ್ತಾರೇನು, ಎಲ್ಲಾ ನೀ ಕೇಳು. ಅವರು ಏನರ ಕೇಳಿದ್ರ ಕಿವಿ ಕೇಳಂಗಿಲ್ಲ ಅನ್ನೋಹಂಗ ಇರು.”

“ಮಾಳಿಗಿ ಮಣ್ಣು?” ಎಂದೆ.

“ಅದನ್ನ ಒಳಗಿರೋರ ಮ್ಯಾಲೆ ಹಾಕು,” ಎಂದರು ಪುಣ್ಯಾತ್ಮರು.

ಹಂಚಿನ ಕೆಳಗೆ ಹುಟ್ಟಿದವರಿಗೆ ಈ ಮಣ್ಣಿನ ವಿಷಯ ತಿಳಿಯದು. ನಮ್ಮ ಕಡೆ ತೊಲೆ, ಜಂತೆ, ಅದರ ಮೇಲೆ ದಪ್ಪಗೆ ಮಣ್ಣು, ಅದೇ ಮಾಳಿಗೆ. ಬೇಸಿಗೆಯಲ್ಲಿ ಅದು ಬಿರಿಯುತ್ತದೆ. ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಹೊರಗೆ ಮಳೆ ನಿಂತರೂ ಒಳಗೆ ನಿಲ್ಲುವುದಿಲ್ಲ. ಹಾಕುವವರು ಯಾರೆಂಬ ಜಗಳ ಬಹಳ ಹಳೆಯದಿರಬೇಕು. ಹಂಪಿಯಲ್ಲಿ ನೋಡಿ, ದೇವರ ಮನೆಗಳು ನಿಂತಿವೆ, ಅರಮನೆಗಳದು ಬರೀ ಕಟ್ಟೆ ಉಳಿದಿದೆ. ಶತ್ರುಗಳು ಸುಟ್ಟರು ಎಂದು ಪಂಡಿತರು ಹೇಳುತ್ತಾರೆ. ನನಗೇನೋ ಅಲ್ಲಿಯೂ ಮಣ್ಣಿನ ವಾದ ತೀರುವುದರೊಳಗೆ ಮಳೆಗಾಲ ಬಂದಿತೆಂದೇ ಅನುಮಾನ.

ನನ್ನ ಮನೆಗೆ ಬಂದವನು ಮೈಸೂರು ಸೀಮೆಯ ರೈಲ್ವೆ ಗುಮಾಸ್ತ ಶಿವಣ್ಣ. ಜೊತೆಗೆ ಹಾಸಿಗೆ ಹಿಡಿದ ತಾಯಿ. ಭಾವನವರು ಕಲಿಸಿದ್ದನ್ನೆಲ್ಲ ನಾನು ಒಂದೂ ಬಿಡದೆ ಕೇಳಿದೆ. ಅವನು ಕೇಳಿದ್ದು ಒಂದೇ: “ಮಳೆಗಾಲದಲ್ಲಿ ಅಮ್ಮ ಬೆಚ್ಚಗಿರಬಹುದಾ ಸ್ವಾಮಿ? ಇನ್ನೊಂದು ಸಲ ನೆನೆದು ಎದೆ ಕಟ್ಟಿದರೆ ಉಳಿಯಲ್ಲ ಅಂದಿದ್ದಾರೆ ಡಾಕ್ಟರು.”

ಕಿವಿ ಕೇಳದವನಂತೆ ಬೀಗದ ಕೈ ಕೊಟ್ಟು ಬಂದೆ.

ಸಂಡೂರಿನ ಗುಡ್ಡಗಳ ಮೇಲೆ ಮೊದಲ ಮೋಡ ಕಂಡ ದಿನ, ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಆ ಮನೆಯ ಬಾಗಿಲಲ್ಲಿ ನಿಂತೆ. ಮರ್ಯಾದೆಗೆಂದು ಮೊದಲು ಯೋಗಕ್ಷೇಮ ಕೇಳಿದೆ.

“ಅಮ್ಮ ಹೆಂಗದಾರ್ರಿ?”

“ಹಾಗೇ ಇದ್ದಾರೆ ಸ್ವಾಮಿ.”

“ಮಳಿ ಹಿಡಿಯೋದ್ರಾಗ ಮಣ್ಣು ಮುಗಿಸಿಬಿಡ್ರಿ. ಖರ್ಚು ನಿಮ್ದ. ನಮ್ಮೂರ ಪದ್ಧತಿ.”

ಶಿವಣ್ಣನ ಮುಖ ಬಿಳಿಚಿಕೊಂಡಿತು. ನಮ್ಮಲ್ಲಿ ಮಣ್ಣು ಅಂದರೆ ಮಾಳಿಗೆಗೆ ಹಾಕುವುದೂ ಹೌದು, ಸತ್ತವರಿಗೆ ಹಾಕುವುದೂ ಹೌದು. ‘ಮಣ್ಣಿಗೆ ಹೋಗಬೇಕ್ರಿ’ ಎಂದು ಆಫೀಸಿನಲ್ಲಿ ರಜೆ ಕೇಳುವವರಿಂದ ಅವನು ಎರಡನೆಯ ಅರ್ಥವನ್ನಷ್ಟೇ ಕಲಿತಿದ್ದ. ಮಾಲಕತನದ ಗತ್ತಿನಲ್ಲಿ ನಾನು ಮಾಳಿಗೆ ಎಂಬ ಮಾತನ್ನೇ ಆಡಿರಲಿಲ್ಲ.

ಒಳಗಿನಿಂದ ಮುದುಕಿಯ ದನಿ ಬಂತು. “ಇನ್ನೂ ಉಸಿರಿದೆ ಕಣಪ್ಪ. ಮಳೆಗಾಲ ಒಂದು ಕಳೀಲಿ.”

ನಾಚಿಕೆಯಿಂದ ಸತ್ತೆ. “ಅದಲ್ಲರಿ, ಮ್ಯಾಲಿಂದು, ಮ್ಯಾಲಿಂದು” ಎಂದು ಬೆರಳೆತ್ತಿ ಮೇಲಕ್ಕೆ ತೋರಿಸಿದೆ. ಅದರಿಂದ ಕೆಲಸ ಇನ್ನೂ ಕೆಟ್ಟಿತು. ಶಿವಣ್ಣ ಒಳಗೆ ಹೋಗಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ. ಆ ತಾಯಿಯನ್ನು ಕಟ್ಟಿಕೊಂಡು, ಮಳೆ ಎದುರಿಗಿರುವಾಗ, ಅವನು ಹೋಗುವುದಾದರೂ ಎಲ್ಲಿಗೆ?

ಇನ್ನು ಬಾಯಿ ತೆರೆದರೆ ಇನ್ನೇನು ಅನರ್ಥವೋ ಎಂದು ನಾನು ಏಣಿ ತಂದು ಮಾಳಿಗೆ ಹತ್ತಿದೆ. ಮುದುಕಿಯ ಮಂಚದ ನೆತ್ತಿಗೇ ಬಿರುಕು ಬಾಯಿಬಿಟ್ಟಿತ್ತು. ಬೆಳಕಿಂಡಿಯಲ್ಲಿ ಬಗ್ಗಿ ಅದನ್ನು ಶಿವಣ್ಣನಿಗೆ ತೋರಿಸಿದೆ. ಯಾವ ಮಣ್ಣೆಂದು ಆಗ ತಿಳಿದು ಅವನು ಚೀಲ ಕೆಳಗಿಟ್ಟ. ಗಾಡಿ ಮಣ್ಣು ತರಿಸಿ, ಆಳುಗಳ ಜೊತೆ ನಾನೇ ಬುಟ್ಟಿ ಹೊತ್ತು ತುಳಿದೆ. ಆ ಹೊತ್ತಿಗೆ ಸರಿಯಾಗಿ ಭಾವನವರ ಸವಾರಿ ಬಂತು.

“ಮಾಲಕ ಆಗಿ ಮಣ್ಣು ಹೊರ್ತೀಯಲ್ಲಪಾ, ಮರ್ಯಾದಿ ಐತೇನು?”

ನನಗೆ ಕಿವಿ ಕೇಳಲಿಲ್ಲ. ಆ ವಿದ್ಯೆಯನ್ನು ಕಲಿಸಿದವರು ಅವರೇ.

ಆ ಮಳೆಗಾಲ ಮಂಚದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಮುದುಕಿ ಎದ್ದು ಕೂತಳು, ಆಮೇಲೆ ಓಡಾಡಿದಳು. ಮಣ್ಣು ಯಾರದೆಂದು ಹೊಸ ಮಾಲಕರು ಈಗಲೂ ನನ್ನನ್ನು ಕೇಳಲು ಬರುತ್ತಾರೆ, ಕುತ್ತಿಗೆಗಳನ್ನು ಹೊತ್ತುಕೊಂಡು. ಅವರನ್ನು ಆಕೆಯ ಹತ್ತಿರ ಕಳಿಸುತ್ತೇನೆ. ಪ್ರತಿ ವರ್ಷ ಮಳೆಗೆ ಮುಂಚೆ ನಾನು ಬುಟ್ಟಿ ಹಿಡಿದು ಹೋದಾಗ ಆಕೆ ಬಾಗಿಲಲ್ಲೇ ಕೂತಿರುತ್ತಾಳೆ.

“ಮಣ್ಣು ಹಾಕೋಕೆ ಬಂದ್ಯಾ? ಈ ವರ್ಷಾನೂ ಮೇಲಕ್ಕೇ ಹಾಕಪ್ಪ.”